ಊರ ಹರೆಯವನ್ನು ಎಣಿಸಿದವರು

ಅವರ ಬಲಗೈಯ ಹೆಬ್ಬೆರಳು ಸುಮ್ಮನಿದ್ದುದನ್ನು ನಾನು ನೋಡಿಯೇ ಇಲ್ಲ. ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಅದು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಾಡುತ್ತಲೇ ಇರುತ್ತಿತ್ತು. ವರ್ಷಗಟ್ಟಲೆ ಚಾಕ್‌ಪೀಸಿನ ಪುಡಿ ಕೂತು ಅದರ ತುದಿಯ ಚರ್ಮ ಬೆಳ್ಳಗೆ ಬಿರಿದಿತ್ತು. ಅವರದು ವೈಷ್ಣವ ಮನೆತನ, ಅಣ್ಣ ಪೌರೋಹಿತ್ಯ ಮಾಡುವವರು. ಹಾಗಾಗಿ ಬಸ್ಸಿನಲ್ಲಿ ಎದುರಿಗೆ ಕೂತ ಹೆಂಗಸರು ಇವರು ಜಪ ಮಾಡುತ್ತಿದ್ದಾರೆಂದು ತಿಳಿದು ತಮ್ಮ ಮಾತನ್ನು ತಗ್ಗಿಸುತ್ತಿದ್ದರು. ನಾನೂ ಮೊದಮೊದಲು ಹಾಗೇ ತಿಳಿದಿದ್ದೆ. ಒಂದು ದಿನ ಕೇಳಿಯೂಬಿಟ್ಟೆ.

“ಜಪ ಅಲ್ರೀ,” ಎಂದರು. “ಈ ಬಸ್ಸಿನಾಗ ಹರೇದ ಹುಡುಗೂರು ಎಷ್ಟು ಮಂದಿ ಇದ್ದಾರ, ಎಣಸ್ಲಾಕತ್ತೀನಿ.”

ಅವರು ಕಮಲಾಪುರದ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದರು. ನಾನು ಅದೇ ಕಾಲೇಜಿಗೆ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ಹೋಗಿದ್ದೆ. ಕಾಲೇಜಿನಲ್ಲಿ ಎಲ್ಲರೂ ಅವರನ್ನು ಬರೀ ‘ಮೇಡಂ’ ಎನ್ನುತ್ತಿದ್ದರು. ಬೇರೆ ಮೇಡಂಗಳಿಗೆ ಹೆಸರು ಸೇರಿಸಬೇಕಿತ್ತು, ಇವರಿಗೆ ಬೇಕಾಗುತ್ತಿರಲಿಲ್ಲ. ಇಬ್ಬರೂ ಕಲಬುರಗಿಯಿಂದ ದಿನಾ ಓಡಾಡುವವರು. ನಾನು ಊರ ಅಂಚಿನ ಕುಸನೂರಿನಿಂದ ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅವರು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದಾಡುತ್ತಿರುತ್ತಿದ್ದರು. ಬಸ್ಸು ಬಂದರೆ ನಾನು ಸೀಟು ಹಿಡಿದು ಕರ್ಚೀಫು ಹಾಕುತ್ತಿದ್ದೆ. ಅವರು ಮಾತ್ರ ಕೂರುತ್ತಿರಲಿಲ್ಲ. ಬಾಗಿಲ ಹತ್ತಿರದ ಕಂಬ ಹಿಡಿದು ನಿಂತು ಹತ್ತಿದವರನ್ನೆಲ್ಲ ಮಾತಾಡಿಸುತ್ತಿದ್ದರು. ಸಂಜೆ ವಾಪಸು ಬರುವ ಬಸ್ಸಿನಲ್ಲೂ ಅಷ್ಟೇ.

“ಎಲ್ಲಿಗೆ ಹೊಂಟೀಯಪ್ಪಾ?”

“ಕಲಬುರಗಿಗ್ರೀ. ಅಲ್ಲಿಂದ ಸೋಲಾಪುರ ಗಾಡಿ ಹಿಡಿತೀನಿ.”

“ಸೋಲಾಪುರದಾಗ ಏನು?”

“ಸೋಲಾಪುರದಾಗ ಏನಿಲ್ರಿ. ಮುಂದ ಪುಣೆ.”

ಇಂಥ ಮಾತು ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ ಹುಬ್ಬು ಏರಿಸುತ್ತಿದ್ದರು. “ನಮ್ಮದು ಹರೇದವರ ದೇಶ ಅಂತ ಪುಸ್ತಕದಾಗ ಬರದಾರ. ಎಷ್ಟು ಮಂದಿ ಅಂತ ಎಲ್ಲಾರೂ ಹೇಳ್ತಾರ. ಎಲ್ಲಿದ್ದಾರ ಅಂತ ಯಾರೂ ಹೇಳಂಗಿಲ್ಲ ನೋಡ್ರಿ.” ಈ ಮಾತನ್ನು ಅವರು ತರಗತಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಚಹಾದಂಗಡಿಯಲ್ಲಿ ಎಷ್ಟು ಸಲ ಹೇಳುತ್ತಿದ್ದರೆಂದರೆ, ಹುಡುಗರು ಅವರ ಬೆನ್ನ ಹಿಂದೆ ಅದನ್ನೇ ಅಣಕಿಸುತ್ತಿದ್ದರು. ಅವರಿಗೆ ಅದೂ ಗೊತ್ತಿತ್ತು.

ಆ ವರ್ಷ ಜಿಲ್ಲೆಯ ಒಂದು ಸಮಿತಿಯವರು ಕಮಲಾಪುರ ಮತ್ತು ಸುತ್ತಲಿನ ಲಂಬಾಣಿ ತಾಂಡಾಗಳಲ್ಲಿ ಯುವಜನರ ಸಮೀಕ್ಷೆ ಮಾಡಿಕೊಡಿ ಎಂದು ಕಾಲೇಜನ್ನು ಕೇಳಿದರು. ಹರೆಯದವರು ಎಷ್ಟು ಮಂದಿ, ಯಾವ ಸಮುದಾಯದವರು, ಮನೆಮಾತು ಯಾವುದು, ಎಲ್ಲಿಯವರೆಗೆ ಓದಿದ್ದಾರೆ, ಈಗ ಏನು ಮಾಡುತ್ತಿದ್ದಾರೆ. ಮೇಡಂ ಬಿಟ್ಟರೆ ಅದನ್ನು ಹೊರುವವರು ಯಾರೂ ಇರಲಿಲ್ಲ. ನನ್ನನ್ನು ಕೇಳದೆಯೇ ಜೊತೆಗೆ ಸೇರಿಸಿಕೊಂಡರು. ನನಗೋ ಕಾಲೇಜಿನ ಕೆಲಸದ ಗುತ್ತಿಗೆ ಮುಂದಿನ ವರ್ಷ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಬಿಡುವು ಸಿಕ್ಕಾಗಲೆಲ್ಲ ಫೋನಿನಲ್ಲಿ ಬೇರೆ ಊರಿನ ಕೆಲಸ ಹುಡುಕುತ್ತಿದ್ದೆ. ಮೇಡಂ ಅದನ್ನು ನೋಡಿ, “ಹುಡುಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಲ್ಲಿತನಕ ನನ್ನ ಕೂಡ ನಡೀರಿ,” ಎಂದರು.

ದಸರೆ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮೊದಲ ತಾಂಡಾಕ್ಕೆ ಹೋದೆವು. ಮನೆಗಳ ಮುಂದೆ ಮುದುಕರು, ಚಿಕ್ಕ ಮಕ್ಕಳು, ಆಡುಗಳು. ನಡುವಿನ ವಯಸ್ಸಿನವರೇ ಇಲ್ಲ. ಅರ್ಧಕ್ಕರ್ಧ ಬಾಗಿಲಿಗೆ ಬೀಗ. ಒಬ್ಬ ಅಜ್ಜಿ ಮೊಮ್ಮಗಳ ತಲೆ ಬಾಚುತ್ತ ಕೂತಿದ್ದಳು. “ಕಬ್ಬು ಕಡೀಲಾಕ ಹೋಗ್ಯಾರ. ಕೆಲವರು ಮುಂಬೈ ಹೋಗ್ಯಾರ, ಗೌಂಡಿ ಕೆಲಸಕ್ಕ,” ಎಂದಳು. “ನೀವು ಹೋಳಿ ಹಬ್ಬಕ್ಕ ಬರ್ರಿ. ಹೋಳಿಗಿ ಎಲ್ಲಾರೂ ಬರ್ತಾರ.”

ವಿದ್ಯಾರ್ಥಿಗಳು ಇದ್ದವರನ್ನಷ್ಟೇ ಬರೆದುಕೊಂಡು ಹೊರಡಲು ಎದ್ದರು. ಸಮಿತಿಯವರಿಗೆ ಹೊಸ ವರ್ಷದ ಹೊತ್ತಿಗೆ ವರದಿ ಬೇಕಾಗಿತ್ತು. ಮೇಡಂ ಬೀಗ ಹಾಕಿದ ಒಂದು ಬಾಗಿಲ ಮುಂದೆ ನಿಂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

“ಈ ತಾಂಡಾದಾಗ ಹರೇದವರೇ ಇಲ್ಲ ಅಂತ ಬರಕೊಡೂದೇನು?” ಎಂದು ನನ್ನನ್ನು ಕೇಳಿದರು. “ಹೋಳಿಗಿ ಬರೂಣು.”

ಸಮಿತಿಯ ಕಚೇರಿಯಿಂದ ಫೋನಿನ ಮೇಲೆ ಫೋನು ಬಂದವು. ಮೇಡಂ ಪ್ರತಿ ಸಲವೂ “ಹೋಳಿ ಆದ ಮ್ಯಾಲೆ” ಎಂದು ಇಟ್ಟುಬಿಡುತ್ತಿದ್ದರು. ಹೋಳಿ ಹಬ್ಬಕ್ಕೆ ಹೋದಾಗ ಅದೇ ತಾಂಡಾ ಗುರುತೇ ಸಿಗದಂತಾಗಿತ್ತು. ಹಲಗೆಯ ಸದ್ದು, ಹೊಸ ಬಟ್ಟೆ, ಬೈಕು, ಎಲ್ಲೆಲ್ಲೂ ಬಣ್ಣ ಬಳಿದುಕೊಂಡ ಹುಡುಗ ಹುಡುಗಿಯರು. ಅವರು ಲಂಬಾಣಿ, ಕನ್ನಡ, ಹಿಂದಿ, ಮರಾಠಿ ಎಲ್ಲ ಬೆರೆಸಿ ಮಾತಾಡುತ್ತಿದ್ದರು. ಮನೆಮಾತು ಎಂಬ ಕಾಲಮ್ಮಿನಲ್ಲಿ ಒಂದೇ ಭಾಷೆಗೆ ಜಾಗವಿತ್ತು. ಮೇಡಂ ಅಲ್ಲೇ ನಿಂತು ಎಲ್ಲ ಹಾಳೆಗಳಲ್ಲೂ ಕೈಯಿಂದ ಗೆರೆ ಎಳೆದು ಜಾಗ ಹಿಗ್ಗಿಸಿದರು. ಕೈಗೆ ಗುಲಾಬಿ ಬಣ್ಣ ಹತ್ತಿ ಹಾಳೆಗಳಿಗೂ ಹತ್ತಿತು. ಅವರು ಅದನ್ನು ಗಮನಿಸಲೇ ಇಲ್ಲ.

ಊರೊಳಗಿನ ಕೆಲಸ ಉಳಿದಿತ್ತು. ಅಷ್ಟರಲ್ಲಿ ಒಂದು ಗಲಾಟೆಯಾಯಿತು. ಎಲ್ಲರ ಫೋನಿನಲ್ಲೂ ಒಂದು ವಿಡಿಯೋ ಓಡಾಡುತ್ತಿತ್ತು. ಇನ್ನು ಕೆಲವು ವರ್ಷಗಳಲ್ಲಿ ಹರೆಯದವರೆಲ್ಲ ‘ಅವರೇ’ ಆಗಿರುತ್ತಾರೆ, ‘ನಾವು’ ಮುದುಕರಾಗಿ ಉಳಿಯುತ್ತೇವೆ ಎಂದು ಅದರಲ್ಲಿ ಯಾರೋ ಕೂಗಿ ಹೇಳುತ್ತಿದ್ದರು. ಆ ಮಾತಿಗೆ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕಾಲೇಜಿನ ಇಬ್ಬರು ಹುಡುಗರು ಕೈ ಕೈ ಮಿಲಾಯಿಸಿದರು. ಒಬ್ಬ ಶರಣು, ಒಕ್ಕಲುತನದ ಲಿಂಗಾಯತರ ಮನೆಯವನು. ಇನ್ನೊಬ್ಬ ಇರ್ಫಾನ್, ಅವನ ತಂದೆ ಬಾಳೆಹಣ್ಣಿನ ವ್ಯಾಪಾರಿ. ಶರಣುವಿನ ಅಂಗಿ ಹರಿದಿತ್ತು, ಇರ್ಫಾನನ ತುಟಿ ಒಡೆದಿತ್ತು. ಊರಿನ ನಾಲ್ಕು ಜನ ಇವನ ಕಡೆ, ನಾಲ್ಕು ಜನ ಅವನ ಕಡೆ ಬಂದು ನಿಂತರು. ಸಂಜೆಯ ಹೊತ್ತಿಗೆ ಅಂಗಡಿಗಳ ಶಟರ್ ಇಳಿದವು. ನಾನು ಆ ದಿನ ಬಸ್ಸಿನಲ್ಲಿ ಕಿಟಕಿ ಮುಚ್ಚಿಕೊಂಡು ಕೂತಿದ್ದೆ.

ಮರುದಿನ ಪ್ರಿನ್ಸಿಪಾಲರು ಇಬ್ಬರನ್ನೂ ಕಾಲೇಜಿನಿಂದ ತೆಗೆಯುವ ಮಾತಾಡಿದರು. ಮೇಡಂ ಅವರ ಮೇಜಿನ ಮುಂದೆ ಅತ್ತಿಂದಿತ್ತ ಓಡಾಡುತ್ತ, “ತಗದ್ರ ಅವರೂ ಪುಣೆ ಬಸ್ಸು ಹತ್ತತಾರ್ರೀ. ನನಗ ಕೊಡ್ರಿ. ನನಗ ಬರಕೊಳ್ಳಾವರು ಕಡಿಮಿ ಬಿದ್ದಾರ,” ಎಂದರು.

ಕೊಟ್ಟ ಕೆಲಸ ಇಷ್ಟೇ. ಇರ್ಫಾನನ ಓಣಿಯ ಮನೆಗಳನ್ನು ಶರಣು ಬರೆಯಬೇಕು, ಇರ್ಫಾನ್ ಜೊತೆಗಿರಬೇಕು. ಶರಣುವಿನ ಓಣಿಯಲ್ಲಿ ಇದರ ಉಲ್ಟಾ. ಇಬ್ಬರೂ ಮುಖ ಗಂಟು ಹಾಕಿಕೊಂಡು, ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಬಿಟ್ಟು ನಡೆದರು. ಹಿಂದೆ ನಾನು ಮತ್ತು ಮೇಡಂ. ಬಿಸಿಲು ನೆತ್ತಿ ಸುಡುತ್ತಿತ್ತು.

ಇರ್ಫಾನನ ಓಣಿಯಲ್ಲಿ ಒಬ್ಬ ತಾಯಿ ಅಕ್ಕಿ ಆರಿಸುತ್ತ ಕೂತಿದ್ದರು. ಇರ್ಫಾನ್ ಅವರನ್ನು ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದ. ಮಗ ಪುಣೆಯಲ್ಲಿದ್ದಾನೆ, ನೆಲಕ್ಕೆ ಫರಶಿಕಲ್ಲು ಕೂಡಿಸುವ ಕೆಲಸ ಮಾಡುತ್ತಾನೆ ಎಂದರು. ಎಷ್ಟನೇ ಇಯತ್ತೆಯವರೆಗೆ ಓದಿದ್ದಾನೆ ಎಂದು ಶರಣು ತಲೆ ತಗ್ಗಿಸಿಯೇ ಕೇಳಿದ.

“ನನಗೇನು ಗೊತ್ತು ಬೇಟಾ. ಅವಂಗೇ ಕೇಳು,” ಎಂದು ಖಾಲಾ ಫೋನು ಹಚ್ಚಿಯೇಬಿಟ್ಟರು. ಪರದೆಯ ಮೇಲೆ ಗಡ್ಡ ಬಿಟ್ಟ ಹುಡುಗನೊಬ್ಬ ಕಾಣಿಸಿದ. ಆ ದಿನ ಅವರಿಗೆ ರಜೆಯಂತೆ. ಕಾಲೇಜಿನವರು ಬಂದಿದ್ದಾರೆ, ಹರೆಯದವರನ್ನು ಬರೆದುಕೊಳ್ಳುತ್ತಿದ್ದಾರೆ ಎಂದು ತಾಯಿ ಹೇಳಿದ್ದೇ ತಡ, ಅವನು ಹುರುಪಿನಿಂದ ಫೋನನ್ನು ಸುತ್ತಲೂ ತಿರುಗಿಸಿದ.

“ಹಂಗಾರ ನಮ್ಮ ರೂಮಿನವರನ್ನೆಲ್ಲಾ ಬರಕೊಳ್ರಿ. ಎಲ್ಲಾ ಕಮಲಾಪುರದವರೇ. ಇವ ತಾಂಡಾದವ. ಇವ ಹರಿಜನವಾಡದವ. ಅಕೋ ಅಲ್ಲಿ ಉಳ್ಳಾಗಡ್ಡಿ ಹೆಚ್ಚಾಕತ್ತಾನಲ್ಲ, ಅವ ದೊಡ್ಡ ಓಣಿಯವ.”

ಬನಿಯನ್ನಿನಲ್ಲಿ ನೆಲದ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದವನು ತಲೆ ಎತ್ತಿದ. ಶರಣುವಿನ ಕೈಯಿಂದ ಪೆನ್ನು ಬಿತ್ತು. ಅವನು ಶರಣುವಿನ ಕಾಕಾನ ಮಗ. ಪುಣೆಯ ಯಾವುದೋ ಕಂಪನಿಯ ಆಫೀಸಿನಲ್ಲಿ ಇದ್ದಾನೆಂದು ಕಾಕಾ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಆ ಮಾತಿನ ಮೇಲೆಯೇ ಅವನಿಗೆ ಹೆಣ್ಣು ಕೂಡ ನೋಡುತ್ತಿದ್ದರು.

ಅವನು ಚಾಕು ಕೆಳಗಿಟ್ಟು ಫೋನಿನ ಹತ್ತಿರ ಸರಿದ. ಆಮೇಲೆ ಅಲ್ಲಿಂದ ದನಿ ಬಂತು. “ಶರಣ್ಯಾ, ಅಪ್ಪಗ ಹೇಳಬ್ಯಾಡೋ.”

ಇರ್ಫಾನ್ ಬಾಯಿಗೆ ಕೈ ಅಡ್ಡ ಹಿಡಿದು ನಗುವುದಕ್ಕೆ ಹೊರಟವನು, ಶರಣುವಿನ ಮುಖ ನೋಡಿ ನಿಲ್ಲಿಸಿದ. ಪರದೆಯ ಒಳಗಿನ ಆ ಚಿಕ್ಕ ಕೋಣೆಯಲ್ಲಿ ಹಗ್ಗದ ಮೇಲೆ ಎಲ್ಲರ ಅಂಗಿಗಳೂ ಒಟ್ಟಿಗೆ ಒಣಗುತ್ತಿದ್ದವು. ಒಂದು ಸ್ಟೋವ್, ಒಂದು ಡಬರಿ.

ಓಣಿಯ ತಿರುವಿಗೆ ಬಂದ ಮೇಲೆ ಶರಣು ನಿಂತ. “ಮೇಡಂ, ಕಾಕಾನ ಮನಿಗಿ ನಾಳೆ ಹೋಗಬೇಕು. ಕಾಕಾ ಆಫೀಸು ಅಂತ ಬರಸ್ತಾನ. ನಾ ಏನು ಬರಸ್ಲಿ?”

“ನೀ ಯಾರನ್ನ ಎಣಸ್ಲಾಕತ್ತೀ, ಕಾಕಾನ್ನೋ ಅವನ್ನೋ?”

“ಅವನ್ನರೀ.”

“ಹಂಗಾರ ಅವನ್ನ ಕೇಳು.”

ಶರಣು ಅಲ್ಲೇ ಗೋಡೆಯ ನೆರಳಿಗೆ ಹೋಗಿ ಫೋನು ಮಾಡಿದ. ಬಹಳ ಹೊತ್ತು ಮಾತಾಡಿದ. ಬಂದವನು, “ಫರಶಿ ಕೆಲಸ ಅಂತನೇ ಬರಸು ಅಂದಾನ್ರಿ. ಹೆಸರು ಬರಸಬ್ಯಾಡ ಅಂದಾನ,” ಎಂದ. ಹೆಸರು ಬರೆಯುವ ಕಾಲಮ್ಮೇ ನಮ್ಮಲ್ಲಿ ಇರಲಿಲ್ಲ.

ಆ ಇಬ್ಬರೂ ಗೆಳೆಯರಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕಾಕಾನ ಮಗನ ವಿಷಯ ಇರ್ಫಾನನ ಬಾಯಿಂದ ಊರಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಗಲಾಟೆಯ ದಿನಗಳಲ್ಲಿ ಆ ಒಂದು ಮಾತಿನಿಂದ ಶರಣುವಿನ ಮನೆಯವರ ಮಾನ ತೆಗೆಯಬಹುದಿತ್ತು. ಮೇಡಂ ಅದನ್ನು ಗಮನಿಸಿದ್ದರು. ಬಸ್ಸಿನಲ್ಲಿ ಬರುವಾಗ, “ಆ ಹುಡುಗ ಸುಮ್ಮನಿದ್ದಾನ ನೋಡ್ರಿ,” ಎಂದಷ್ಟೇ ಅಂದು ಕಂಬಕ್ಕೆ ಹಣೆ ಒರಗಿಸಿದರು.

ವರದಿ ಮುಗಿಯಿತು. ಅದರೊಳಗಿನ ಅಂಕಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದೆರಡನ್ನು ಕಿತ್ತು ಹೇಳಿದರೆ ಮೇಡಂಗೆ ಸಿಟ್ಟು ಬರುತ್ತಿತ್ತು. ಜಗತ್ ಸರ್ಕಲ್ಲಿನ ಹತ್ತಿರದ ಒಂದು ಸಭಾಭವನದಲ್ಲಿ ಸಮಿತಿಯವರು ಸಭೆ ಕರೆದರು. ಹೊರಗೆ ಹಾರ್ನುಗಳ ಗದ್ದಲ, ಒಳಗೆ ಫ್ಯಾನುಗಳ ಗದ್ದಲ. ಮುಂದಿನ ಸಾಲಿನಲ್ಲಿ ಪತ್ರಿಕೆಯವರು ಕೂತಿದ್ದರು. ಮೇಡಂ ಓದಲು ನಿಂತು ಇನ್ನೂ ಎರಡು ಸಾಲು ಓದಿರಲಿಲ್ಲ, ಅಧ್ಯಕ್ಷರು ಕೈ ಎತ್ತಿದರು.

“ಮೇಡಂ, ಬಾಕಿದ್ದು ಇರಲಿ. ಯಾವ ಧರ್ಮದಾಗ, ಯಾವ ಜಾತ್ಯಾಗ ಹರೇದವರು ಎಷ್ಟು ಅಂತ ಅಷ್ಟೇ ಓದ್ರಿ. ಪೇಪರಿನವರಿಗಿ ಅದು ಸಾಕು.”

“ಅದನ್ನೂ ಓದ್ತೀನ್ರಿ. ಮೂರನೇ ಹಾಳ್ಯಾಗ ಅದ. ಮೊದಲಿನ ಎರಡು ಹಾಳಿ ಕೇಳ್ರಿ.”

“ಟೈಮಿಲ್ರಿ.”

“ಹಂಗಾರ ಅದೂ ಬ್ಯಾಡ್ರಿ.”

ಹಿಂದಿನಿಂದ ಯಾರೋ, “ಯಾರನ್ನ ಉಳಸಾಕ ಮುಚ್ಚಿಡ್ಲಾಕತ್ತೀರಿ?” ಎಂದರು.

ಮೇಡಂ ಆ ದನಿ ಬಂದ ಕಡೆ ನೋಡಿದರು. “ಮುಚ್ಚಿಡಾಂಗಿದ್ರ ಓದಲಾಕ ಯಾಕ ಬರ್ತಿದ್ನಿ? ಈ ಹುಡುಗೂರು ಸಾಲಿ ಯಾವಾಗ ಬಿಟ್ರು, ಊರು ಯಾಕ ಬಿಟ್ರು, ಯಾರ ಕೂಡ ಒಂದೇ ಖೋಲ್ಯಾಗ ಇದ್ದಾರ, ಎಲ್ಲಾ ಬರದೀವಿ. ಅದನ್ನ ಬಿಟ್ಟು ಜಾತಿ ಅಷ್ಟೇ ಓದಿದ್ರ ಮಂದಿ ಎದ್ಯಾಗ ಅಂಜಿಕಿ ಕೂಡತದ. ಅಂಜಿಕಿ ಹುಟ್ಟಸ್ಲಾಕ ನಾವು ಬಿಸಿಲಾಗ ತಿರಗಿಲ್ರಿ.”

ಹಾಳೆಗಳನ್ನು ಎದೆಗೆ ಅವಚಿಕೊಂಡು ಕೆಳಗಿಳಿದರು. ನಾನೂ ಎದ್ದು ಹಿಂಬಾಲಿಸಿದೆ. ಸರ್ಕಲ್ಲಿನ ಗದ್ದಲದಲ್ಲಿ ರಸ್ತೆ ದಾಟಲು ನನ್ನ ಮೊಣಕೈ ಹಿಡಿದುಕೊಂಡರು. “ತಪ್ಪಾತೇನ್ರೀ?” ಎಂದು ಎರಡು ಸಲ ಕೇಳಿದರು. ಇಲ್ಲ ಎಂದೆ. ಆದರೂ ನಂಬಿದಂತೆ ಕಾಣಲಿಲ್ಲ.

ಸಂಜೆಯೊಳಗೆ ಅವರ ಮಾತಿನ ನಡುವಿನ ತುಂಡೊಂದು ವಿಡಿಯೋ ಆಗಿ ಎಲ್ಲರ ಫೋನಿಗೂ ಬಂತು. ಅವರ ಮನೆಗೂ ಬಂತು. ಕೆಲವು ದಿನಗಳ ನಂತರ ನಾನು ಹೋದಾಗ ಅಣ್ಣ ತಮ್ಮ ಮನೆಮಾತಾದ ಮರಾಠಿಯಲ್ಲಿ ಅವರಿಗೆ ಏನೋ ಹೇಳುತ್ತಿದ್ದರು. ನನ್ನನ್ನು ನೋಡಿ ಕನ್ನಡಕ್ಕೆ ಹೊರಳಿದರು. “ಪೂಜಾಕ ಕರ್ಯಾವರು ಕೇಳ್ತಾರವ್ವಾ, ನಿಮ್ಮ ತಂಗಿ ಯಾರ ಕಡೆ ಅಂತ. ನಾ ಏನು ಹೇಳಲಿ?”

“ಎಣಸಾವರ ಕಡೆ ಅಂತ ಹೇಳು,” ಎಂದು ಮೇಡಂ ಒಳಗಿನಿಂದಲೇ ಅಂದರು. ಅಣ್ಣ ನಿಟ್ಟುಸಿರು ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಎದ್ದು ಹೋಗಿ ತಂಗಿಗೆ ಚಹಾ ತಂದುಕೊಟ್ಟರು.

ಸಮಿತಿ ವರದಿಯನ್ನು ಪ್ರಕಟಿಸಲಿಲ್ಲ. ಮೇಡಂ ಒಂದು ವಾರ ನಿದ್ದೆಗೆಟ್ಟವರಂತೆ ತಿರುಗಿದರು. ಆಮೇಲೆ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ನನ್ನ ಸೀಟಿನ ಪಕ್ಕ ಬಗ್ಗಿ, “ಯಾರನ್ನ ಎಣಸೀವಿ ಅವರಿಗೇ ಓದಿ ಹೇಳೂಣು ನಡೀರಿ,” ಎಂದರು.

ಹಾಗೆ ಒಂದು ಭಾನುವಾರ ಕಾಲೇಜಿನ ಅಂಗಳದಲ್ಲಿ ಓದಿದೆವು. ಶರಣು ಕನ್ನಡದಲ್ಲಿ, ಇರ್ಫಾನ್ ಉರ್ದುವಿನಲ್ಲಿ, ತಾಂಡಾದಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳು ಲಂಬಾಣಿಯಲ್ಲಿ. ಹೆಚ್ಚು ಜನ ಬರುವುದಿಲ್ಲ ಎಂದುಕೊಂಡಿದ್ದೆ. ತಾಯಂದಿರು ಬಂದರು. ಮೂರನೇ ಹಾಳೆಯ ಸರದಿ ಬಂತು. ಧರ್ಮ, ಜಾತಿಯ ಲೆಕ್ಕ ಎಲ್ಲವನ್ನೂ ಬಿಡದೆ ಶರಣು ಓದಿದ. ಜನ ಕೇಳಿದರು. ಯಾರೂ ಏಳಲಿಲ್ಲ. ಅಷ್ಟರಲ್ಲಿ ಅವರ ಲಕ್ಷ್ಯವೆಲ್ಲ ಮುಂಚಿನ ಹಾಳೆಯಲ್ಲಿ ನಿಂತುಬಿಟ್ಟಿತ್ತು. ಊರು ಬಿಟ್ಟವರ ವಿಷಯ ಬಂದಾಗಲೇ ಒಬ್ಬ ತಾಯಿ ಎದ್ದು, “ನನ್ನ ಮಗ ಸೂರತ್ ಅದಾನ್ರಿ, ಲೆಕ್ಕದಾಗ ಹಿಡದೀರಿಲ್ಲೋ?” ಎಂದು ಕೇಳಿದ್ದಳು. ಇನ್ನೊಬ್ಬಳು, “ನನ್ನ ಮಗಳು ಹೈದರಾಬಾದಿನಾಗ,” ಎಂದಿದ್ದಳು. ಹಿಂದಿನಿಂದ ಒಬ್ಬರು ಪಣಜಿ ಎಂದಿದ್ದರು. ಓದುವುದು ಅಷ್ಟು ಹೊತ್ತು ನಿಂತೇಹೋಗಿತ್ತು. ಮೇಡಂ ಗುಂಪಿನೊಳಗೆ ಇಳಿದು ಒಬ್ಬೊಬ್ಬರ ಹತ್ತಿರ ಹೋಗಿ, “ಹಿಡದೀವಿ, ಹಿಡದೀವಿ,” ಎನ್ನುತ್ತ ತಿರುಗಿದ್ದರು. ಅವರ ಕಣ್ಣು ಕೆಂಪಾಗಿದ್ದವು.

ಶರಣುವಿನ ಕಾಕಾ ಕೂಡ ಅಲ್ಲಿದ್ದರು, ಗೋಡೆಯ ಹತ್ತಿರ ನಿಂತಿದ್ದರು. ಹೊರಡುವಾಗ ಮೇಡಂ ಬಳಿ ಬಂದು ದನಿ ತಗ್ಗಿಸಿ, “ಫರಶಿ ಕೆಲಸದಾಗ ಮೊಣಕಾಲು ಹೋಗ್ತಾವಂತ, ಖರೇ ಏನ್ರೀ?” ಎಂದು ಕೇಳಿದರು. ಮಗನೇ ಹೇಳಿಕೊಂಡಿದ್ದನೋ, ಅವರೇ ಊಹಿಸಿದ್ದರೋ ತಿಳಿಯಲಿಲ್ಲ. ಮೇಡಂ ಅವರ ಜೊತೆ ಗೇಟಿನವರೆಗೆ ಮಾತಾಡುತ್ತ ನಡೆದರು.

ನಾನು ಬೇರೆ ಊರಿಗೆ ಹೋಗಲಿಲ್ಲ. ಮುಂದಿನ ವರ್ಷವೂ ಗುತ್ತಿಗೆ ಸಿಕ್ಕಿತು, ಅದರ ಮುಂದಿನ ವರ್ಷವೂ. ಮೇಡಂ ನಿವೃತ್ತಿಗೆ ಸ್ವಲ್ಪ ಮುಂಚೆ ಹೊಟ್ಟೆಯ ಕಾಯಿಲೆಗೆ ಬಿದ್ದರು. ಕಲಬುರಗಿಯ ಒಂದು ಆಸ್ಪತ್ರೆಗೆ ಸೇರಿಸಿದರು. ಮಲಗಿಸಿದರೆ ಮಲಗುವವರಲ್ಲ. ಸಲೈನಿನ ಕಂಬವನ್ನು ಉರುಳಿಸಿಕೊಂಡು ವರಾಂಡದಲ್ಲಿ ಓಡಾಡುತ್ತಿದ್ದರು. ವಾರ್ಡ್ ಒರೆಸುವ ಹುಡುಗಿ, ಲಿಫ್ಟಿನ ಹುಡುಗ, ರಕ್ತ ತೆಗೆಯಲು ಬರುವವನು, ಎಲ್ಲರ ಊರು, ಮನೆಮಾತು, ಓದು ಅವರಿಗೆ ಗೊತ್ತಾಗಿಹೋಗಿತ್ತು. ಈಶಾನ್ಯದ ಗುಡ್ಡದ ಕಡೆಯಿಂದ ಬಂದ ಒಬ್ಬ ನರ್ಸ್ ಹುಡುಗಿಯ ಜೊತೆ ಮಾತು ಹೆಚ್ಚು. ಆ ಹುಡುಗಿ ಇಲ್ಲಿ ಓದಲು ಬಂದು ಇಲ್ಲೇ ಕೆಲಸಕ್ಕೆ ನಿಂತವಳು. ಕೊನೆಯ ದಿನಗಳಲ್ಲಿ ಮೇಡಂಗೆ ಎದ್ದು ನಡೆಯಲಾಗಲಿಲ್ಲ. ಹಾಸಿಗೆಯ ಮೇಲೆಯೇ ಅತ್ತ ಹೊರಳುತ್ತ ಇತ್ತ ಹೊರಳುತ್ತ ಇರುತ್ತಿದ್ದರು. ನನ್ನನ್ನು ನೋಡಿದರೆ, “ಈ ವರ್ಷ ಕಾಲೇಜಿಗಿ ಯಾರ್‍ಯಾರು ಬಂದಿಲ್ಲ?” ಎಂದು ಕೇಳುತ್ತಿದ್ದರು. ಎಷ್ಟು ಜನ ಎಂದರೆ ಆಗುತ್ತಿರಲಿಲ್ಲ, ಒಬ್ಬೊಬ್ಬರ ಹೆಸರು ಹೇಳಬೇಕಿತ್ತು.

ಒಂದು ಬೆಳಿಗ್ಗೆ ಅಣ್ಣನ ಫೋನು ಬಂತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ನರ್ಸ್ ಹುಡುಗಿ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಕೆಲಸದ ಪಾಳಿ ಮುಗಿದಿದ್ದರೂ ಮನೆಗೆ ಹೋಗಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ.

“ನನ್ನ ಊರ ಹೆಸರು ಇಲ್ಲಿ ಯಾರೂ ಕೇಳಲ್ರಿ,” ಎಂದಳು. ಅವಳ ಕನ್ನಡದಲ್ಲಿ ಕಲಬುರಗಿಯ ರೀ ಸೇರಿಕೊಂಡಿತ್ತು. “ಆ ಕಡೆಯವಳು ಅಂತಾರೆ. ಕೆಲವರು ಚೀನಾ ಅಂತಾರೆ. ಇವರು ಕೇಳಿದ್ರು. ಹೇಳಿದೆ. ತಪ್ಪು ಹೇಳಿದ್ರು. ದಿನಾ ಹೇಳಿಸ್ಕೊಂಡ್ರು, ದಿನಾ ತಪ್ಪು. ಬೇಡ ಬಿಡ್ರಿ ಅಜ್ಜಿ ಅಂದ್ರೂ ಬಿಡ್ಲಿಲ್ಲ.” ಕಣ್ಣೊರೆಸಿಕೊಂಡಳು. “ನಿನ್ನೆ ಸಂಜಿಗೆ ಸರಿ ಹೇಳಿದ್ರು.”

“ಏನು ಹೆಸರು?” ಎಂದು ಕೇಳಿದೆ.

ಅವಳು ಹೇಳಿದಳು. ಗಂಟಲ ಒಳಗೆಲ್ಲೋ ಶುರುವಾಗಿ ಮೂಗಿನಲ್ಲಿ ಮುಗಿಯುವ ಒಂದು ಹೆಸರು. ನಾನು ಹೇಳಲು ನೋಡಿದೆ, ಆಗಲಿಲ್ಲ. ಅವಳು ಮತ್ತೊಮ್ಮೆ ನಿಧಾನವಾಗಿ ಬಿಡಿಸಿ ಹೇಳಿದಳು. ಆ ಕಡೆಯಿಂದ ಮೇಡಂ ಅವರ ಅಣ್ಣ ಆಂಬುಲೆನ್ಸ್ ಬಂದಿದೆ ಎಂದು ನನ್ನನ್ನು ಕರೆಯುತ್ತಿದ್ದರು. ಬಂದೆ ಎಂದು ಕೈ ಮಾಡಿ, ಆ ಹುಡುಗಿಯ ತುಟಿಗಳನ್ನೇ ನೋಡುತ್ತ ಇನ್ನೊಮ್ಮೆ ಹೇಳಿದೆ.